ಹೊನ್ನೆ ಲೋಟದ ನೀರಿಗೆ ಇನ್ಸುಲಿನ್ ಕೋಶ ಮತ್ತೆ ಹುಟ್ಟುತ್ತಾವಾ? ಇಂಜೆಕ್ಷನ್ ಬಿಡುವ ಮುಂಚೆ ಇದನ್ನು ಓದಿ

ಬೆಳಗಾವಿ/ಖಾನಾಪುರ: ಖಾನಾಪುರ ತಾಲೂಕಿನ ಕಾಡಂಚಿನ ಊರುಗಳಲ್ಲಿ ಹೊನ್ನೆ ಮರ ಗೊತ್ತಿಲ್ಲದವರು ಕಡಿಮೆ. ಮರಾಠಿ ಮಾತಾಡುವವರು ಇದನ್ನೇ ಬಿಬಳಾ ಅಂತಾರೆ. ಈ ಕಟ್ಟಿಗೆಯಲ್ಲಿ ಕೊರೆದ ಲೋಟಕ್ಕೆ ರಾತ್ರಿ ನೀರು ಹಾಕಿಟ್ಟರೆ ಬೆಳಿಗ್ಗೆ ಅದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬೆಳಕಿಗೆ ಹಿಡಿದರೆ ಸಣ್ಣಗೆ ನೀಲಿ ಹೊಳಪೂ ಕಾಣುತ್ತದೆ. ಶುಗರ್ ಇದ್ದವರು ಅದನ್ನು ಖಾಲಿ ಹೊಟ್ಟೆಯಲ್ಲಿ ಕುಡಿಯುವ ರೂಢಿ ಹಳೆಯದು.

ರೂಢಿಯಿಂದ ದೊಡ್ಡ ತೊಂದರೆ ಇಲ್ಲ. ತೊಂದರೆ ಶುರುವಾಗುವುದು ಅದರ ಜೊತೆ ಬರುವ ಮಾತಿನಿಂದ. "ಇಂಜೆಕ್ಷನ್ ಬಿಟ್ಟು ಇದ ಕುಡಿರಿ, ಸಕ್ರಿ ಬ್ಯಾನಿ ಬೇರ ಸಮೇತ ಹೋಗ್ತೈತಿ" ಅನ್ನುವ ಸಲಹೆ ಸಂತೆಯಲ್ಲೂ ಸಿಗುತ್ತದೆ, ಮೊಬೈಲಿನಲ್ಲೂ ಸಿಗುತ್ತದೆ. ಸತ್ತುಹೋದ ಇನ್ಸುಲಿನ್ ಕೋಶಗಳು ಮತ್ತೆ ಹುಟ್ಟುತ್ತವೆ, ಮೇದೋಜೀರಕ ಗ್ರಂಥಿ ಹೊಸದಾಗುತ್ತದೆ ಅಂತ ಅದಕ್ಕೆ ವಿಜ್ಞಾನದ ಬಣ್ಣವನ್ನೂ ಹಚ್ಚಿರುತ್ತಾರೆ.

ದೊಡ್ಡವರು ಇದನ್ನು ನಂಬಿ ನಾಲ್ಕು ದಿನ ಗುಳಿಗೆ ಬಿಟ್ಟರೆ ಶುಗರ್ ಏರುತ್ತದೆ. ಟೈಪ್-1 ಇರುವ ಮಗುವಿಗೆ ಇನ್ಸುಲಿನ್ ಬಿಡಿಸಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ಹಾಗಾದರೆ ಈ ಕೋಶಗಳು ಯಾವುವು, ಹೇಗೆ ಹೋಗುತ್ತವೆ, ಹೋದದ್ದು ಮರಳಿ ಬರುತ್ತದೆಯೇ ಎಂಬುದರ ವಿವರ ಇಲ್ಲಿದೆ.

ಶೇಂಗಾ ಕಾಳಿನ ತೂಕದ ಕಾರ್ಖಾನೆ

ಹೊಟ್ಟೆಯ ಹಿಂಭಾಗದಲ್ಲಿ, ಅಂಗೈ ಉದ್ದದ ಮೇದೋಜೀರಕ ಗ್ರಂಥಿ ಇದೆ. ಅದರ ಬಹುಪಾಲು ಕೆಲಸ ಊಟ ಕರಗಿಸುವ ರಸ ತಯಾರಿಸುವುದು. ಅದರೊಳಗೆ ಅಲ್ಲಲ್ಲಿ ನಡುಗಡ್ಡೆಗಳಂತೆ ಕೋಶಗಳ ಸಣ್ಣ ಗುಂಪುಗಳಿವೆ. 1869ರಲ್ಲಿ ಜರ್ಮನಿಯ ವೈದ್ಯವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹ್ಯಾನ್ಸ್ ಇವನ್ನು ಮೊದಲು ಗುರುತಿಸಿದರು. ಆರೋಗ್ಯವಂತರಲ್ಲಿ ಇಂಥ ಗುಂಪುಗಳು ಸುಮಾರು 10 ಲಕ್ಷ ಇರುತ್ತವೆ.

ಈ ಗುಂಪುಗಳಲ್ಲಿರುವ ಬೀಟಾ ಕೋಶಗಳೇ ಇನ್ಸುಲಿನ್ ತಯಾರಿಸುವವು. ದೇಹದ ಎಲ್ಲಾ ಬೀಟಾ ಕೋಶ ಒಟ್ಟು ಮಾಡಿದರೂ ತೂಕ ಒಂದು ಗ್ರಾಂ ಆಸುಪಾಸು, ಅಂದರೆ ಒಂದೆರಡು ಶೇಂಗಾ ಕಾಳಿನಷ್ಟು. ರೊಟ್ಟಿ, ಅನ್ನ, ಕುಂದಾ, ಚಹಾ ಏನೇ ತಿಂದು ಕುಡಿದರೂ ರಕ್ತಕ್ಕೆ ಬರುವ ಸಕ್ಕರೆಯನ್ನು ಅಳೆದು, ಬೇಕಾದಷ್ಟೇ ಇನ್ಸುಲಿನ್ ಬಿಡುವುದು ಇವುಗಳ ಕೆಲಸ. ಆ ಇನ್ಸುಲಿನ್ ಇದ್ದರೆ ಮಾತ್ರ ಸಕ್ಕರೆ ಸ್ನಾಯು ಮತ್ತು ಕೊಬ್ಬಿನೊಳಗೆ ಸರಿಯಾಗಿ ಸೇರುತ್ತದೆ. ಇಲ್ಲದಿದ್ದರೆ ರಕ್ತದಲ್ಲೇ ಉಳಿಯುತ್ತದೆ.

ಸತ್ತ ಎತ್ತು, ಕುಂತ ಎತ್ತು

ಎಲ್ಲಾ ಶುಗರ್ ಒಂದೇ ಅಲ್ಲ. ಬೀಟಾ ಕೋಶ ಹೋಗುವ ದಾರಿ ಎರಡೂ ವಿಧದಲ್ಲಿ ಬೇರೆ ಬೇರೆ.

ಟೈಪ್-1ರಲ್ಲಿ ದೇಹದ ಕಾವಲು ಪಡೆಯೇ ತಪ್ಪು ತಿಳಿದು ಬೀಟಾ ಕೋಶಗಳ ಮೇಲೆ ಬೀಳುತ್ತದೆ. ಜ್ವರದ ರೋಗಾಣು ಕೊಲ್ಲಬೇಕಾದ ಬಿಳಿ ರಕ್ತಕಣಗಳು ಸ್ವಂತ ಕೋಶವನ್ನು ಕೊಲ್ಲುತ್ತವೆ. ಇದು ಹೆಚ್ಚಾಗಿ ಮಕ್ಕಳು ಮತ್ತು ಹರೆಯದವರಲ್ಲಿ ಬರುತ್ತದೆ, ದೊಡ್ಡವರಲ್ಲೂ ಬರಬಹುದು. ಸಿಹಿ ತಿಂದಿದ್ದಕ್ಕೆ ಬರುವ ರೋಗ ಇದಲ್ಲ. ತಾಯಿ-ತಂದೆಯ ತಪ್ಪೂ ಇಲ್ಲ. ಲಕ್ಷಣ ಕಾಣುವ ಹೊತ್ತಿಗೆ ಕೋಶಗಳ ದೊಡ್ಡ ಪಾಲು ಆಗಲೇ ಹೋಗಿರುತ್ತದೆ.

ಟೈಪ್-2ರಲ್ಲಿ ನಡೆಯುವುದು ಬೇರೆ. ಹೊಟ್ಟೆಯ ಸುತ್ತ ಮತ್ತು ಲಿವರ್‌ನಲ್ಲಿ ಕೊಬ್ಬು ತುಂಬಿದಾಗ ಇನ್ಸುಲಿನ್ ಮಾತು ದೇಹ ಕೇಳುವುದಿಲ್ಲ. ಅದೇ ಕೆಲಸಕ್ಕೆ ಎರಡು ಮೂರು ಪಟ್ಟು ಇನ್ಸುಲಿನ್ ಬೇಕಾಗುತ್ತದೆ. ನಾಲ್ಕು ಎಕರೆ ಹೊಡೆಯುವ ಎತ್ತಿನ ಜೋಡಿಗೆ ಹತ್ತು ಎಕರೆ ಹೊಡೆ ಅಂದಹಾಗೆ. ವರ್ಷಗಟ್ಟಲೆ ದುಡಿದು ಕೋಶಗಳು ಬಳಲುತ್ತವೆ, ಕೆಲವು ಸಾಯುತ್ತವೆ. 2003ರಲ್ಲಿ ಅಮೆರಿಕದಲ್ಲಿ ಮೃತರ ಗ್ರಂಥಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಟೈಪ್-2 ಇದ್ದ ದಪ್ಪ ಶರೀರದವರಲ್ಲಿ ಬೀಟಾ ಕೋಶಗಳ ಪ್ರಮಾಣ, ಶುಗರ್ ಇಲ್ಲದ ಅಂಥವರಿಗಿಂತ 63% ಕಡಿಮೆ ಇತ್ತು. ತೆಳ್ಳಗಿದ್ದವರಲ್ಲಿ 41% ಕಡಿಮೆ.

ಆದರೆ ಎಲ್ಲಾ ಕೋಶ ಸತ್ತಿರುವುದಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಇಲಿಗಳಲ್ಲಿ ಒಂದು ಸಂಗತಿ ತೋರಿಸಿತು. ಒತ್ತಡಕ್ಕೆ ಸಿಕ್ಕ ಬೀಟಾ ಕೋಶಗಳಲ್ಲಿ ಹಲವು ಸಾಯುವ ಬದಲು ತಮ್ಮ ಕಸುಬನ್ನೇ ಮರೆತು, ಇನ್ಸುಲಿನ್ ಮಾಡದೆ ಸುಮ್ಮನೆ ಕುಳಿತಿದ್ದವು. ಮುಂದೆ ಟೈಪ್-2 ಇದ್ದ ಮನುಷ್ಯರ ಗ್ರಂಥಿಗಳಲ್ಲೂ ಇಂಥ ಕೋಶಗಳು ಕಂಡವು.

ಇಡೀ ವಿಷಯದ ಕೀಲಿ ಇಲ್ಲೇ ಇದೆ. ದಣಿದು ಕುಂತ ಎತ್ತಿಗೆ ವಿಶ್ರಾಂತಿ ಕೊಟ್ಟರೆ ಎದ್ದು ನಿಲ್ಲಬಹುದು. ಸತ್ತ ಎತ್ತನ್ನು ಏಳಿಸುವ ಮದ್ದು ಇನ್ನೂ ಯಾವ ಅಂಗಡಿಗೂ ಬಂದಿಲ್ಲ.

ಕುಂತ ಎತ್ತು ಏಳುವುದು ಹೇಗೆ?

ಬ್ರಿಟನ್ನಿನಲ್ಲಿ ನಡೆದ 'ಡೈರೆಕ್ಟ್' ಎಂಬ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಟೈಪ್-2 ಬಂದು 6 ವರ್ಷದೊಳಗಿನ, ತೂಕ ಜಾಸ್ತಿ ಇದ್ದ, ಇನ್ಸುಲಿನ್ ತಗೊಳ್ಳದ ಜನರನ್ನು ಆರಿಸಿದ್ದರು. ಅರ್ಧ ಜನರಿಗೆ ಎಂದಿನ ಚಿಕಿತ್ಸೆ. ಉಳಿದ ಅರ್ಧ ಜನರಿಗೆ 3ರಿಂದ 5 ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ, ಆಮೇಲೆ ತೂಕ ಉಳಿಸಿಕೊಳ್ಳಲು ಸಹಾಯ. ಒಂದು ವರ್ಷದ ನಂತರ ಈ ಗುಂಪಿನ 46% ಜನರ ಶುಗರ್ ಗುಳಿಗೆ ಇಲ್ಲದೆಯೇ ಹತೋಟಿಯಲ್ಲಿತ್ತು. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ಈ ಪ್ರಮಾಣ 86%. ಎರಡನೇ ವರ್ಷಕ್ಕೆ ಗುಂಪಿನ ಒಟ್ಟು ಪ್ರಮಾಣ 36%ಕ್ಕೆ ಇಳಿಯಿತು. ತೂಕ ಮರಳಿದವರಲ್ಲಿ ಶುಗರ್ ಕೂಡ ಮರಳಿತು.

"ನಾನೇನು ದಪ್ಪ ಇಲ್ಲಲ್ಲಾ" ಅನ್ನುವವರೂ ನಮ್ಮಲ್ಲಿ ಬಹಳ. ಅದೇ ಪ್ರಯೋಗದ ಮುಂದಾಳು, ನ್ಯೂಕಾಸಲ್‌ನ ಪ್ರೊ. ರಾಯ್ ಟೇಲರ್ ತಂಡ ಹೆಚ್ಚು ದಪ್ಪ ಇಲ್ಲದ 20 ಜನರ ಮೇಲೂ ಇದನ್ನು ಮಾಡಿ ನೋಡಿತು. ತೂಕದ 10-15% ಇಳಿಸುವ ಹೊತ್ತಿಗೆ 14 ಜನರ ಶುಗರ್ ಗುಳಿಗೆ ಇಲ್ಲದೆ ಹತೋಟಿಗೆ ಬಂದಿತ್ತು.

ಇಲ್ಲಿ ಹೊಸ ಕೋಶ ಹುಟ್ಟಿದವು ಅಂತ ಅರ್ಥ ಅಲ್ಲ. ಲಿವರ್ ಮತ್ತು ಗ್ರಂಥಿಯ ಕೊಬ್ಬು ಇಳಿದಾಗ ಇದ್ದ ಕೋಶಗಳೇ ಮತ್ತೆ ಕೆಲಸಕ್ಕೆ ಹತ್ತಿದವು. ಅದಕ್ಕೇ ರೋಗ ಬಂದು ಎಷ್ಟು ವರ್ಷವಾಯಿತು ಅನ್ನುವುದು ಮುಖ್ಯ. ಮೊದಲ ಕೆಲವು ವರ್ಷ ಇರುವ ಅವಕಾಶ ಹದಿನೈದು ವರ್ಷ ಕಳೆದ ಮೇಲೆ ಅಷ್ಟು ಇರುವುದಿಲ್ಲ.

ಒಂದು ಎಚ್ಚರಿಕೆ: ಈಗಾಗಲೇ ಶುಗರ್ ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರು ತಾವಾಗಿಯೇ ಇಂಥ ಕಠಿಣ ಪಥ್ಯ ಹಿಡಿದರೆ ಶುಗರ್ ಒಮ್ಮೆಲೇ ಕುಸಿದು ಎಚ್ಚರ ತಪ್ಪಬಹುದು. ಡಾಕ್ಟರ್ ಜೊತೆ ಮಾತಾಡಿ ಗುಳಿಗೆ ಡೋಸ್ ಬದಲಿಸಿಕೊಂಡೇ ಶುರು ಮಾಡಬೇಕು.

ಹೊನ್ನೆ, ಮಧುನಾಶಿನಿ: ಪ್ರಯೋಗ ಏನು ಹೇಳುತ್ತದೆ?

ಹೊನ್ನೆ ಮಾತು ಪೂರಾ ಸುಳ್ಳಲ್ಲ. ಅದಕ್ಕೊಂದು ಇತಿಹಾಸ ಇದೆ.

1980ರ ದಶಕದ ಆರಂಭದಲ್ಲಿ ಭಾರತದ ಸಂಶೋಧಕರು ಹೊನ್ನೆಯಲ್ಲಿರುವ ಎಪಿಕ್ಯಾಟೆಚಿನ್ ಎಂಬ ಅಂಶವನ್ನು ಇಲಿಗಳಿಗೆ ಕೊಟ್ಟರು. ಅಲಾಕ್ಸಾನ್ ಎಂಬ ವಿಷ ಹಾಕಿ ಬೀಟಾ ಕೋಶ ಕೊಂದಿದ್ದ ಇಲಿಗಳವು. ಕೋಶ ಮರಳಿ ಹುಟ್ಟಿದವು ಅಂತ ವರದಿ ಮಾಡಿದರು. ಸುದ್ದಿ ದೊಡ್ಡದಾಯಿತು. ಆದರೆ ಬೇರೆ ಪ್ರಯೋಗಾಲಯಗಳು ಅದನ್ನೇ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ.

1990ರಲ್ಲಿ ಮದ್ರಾಸಿನ ಸಂಶೋಧಕರು ಮಧುನಾಶಿನಿ ಎಲೆಯ ಸಾರದ ಬಗ್ಗೆ ಇಂಥದ್ದೇ ವರದಿ ಕೊಟ್ಟರು. ಎಲೆ ಅಗಿದರೆ ಸ್ವಲ್ಪ ಹೊತ್ತು ಸಿಹಿ ರುಚಿಯೇ ಗೊತ್ತಾಗದಂತೆ ಮಾಡುವ ಬಳ್ಳಿ ಅದು, ಗುಡಮಾರ ಅಂತಲೂ ಕರೆಯುತ್ತಾರೆ. ಅಲ್ಲೂ ಕೋಶ ಮರಳಿ ಹುಟ್ಟಿದ ಮಾತು ಬಂದದ್ದು ಇಲಿಗಳಲ್ಲಿ. ಟೈಪ್-1 ಇದ್ದ 27 ರೋಗಿಗಳ ಮೇಲೂ ಅದನ್ನು ನೋಡಿದ್ದರು, ಆದರೆ ಅವರು ಇನ್ಸುಲಿನ್ ತಗೊಳ್ಳುತ್ತಿದ್ದವರು. ಸಾರ ಕೊಟ್ಟದ್ದು ಅದರ ಜೊತೆಗೆ.

1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹೊನ್ನೆಯ ಪ್ರಯೋಗವೊಂದನ್ನು ಪ್ರಕಟಿಸಿತು. ಹೊಸದಾಗಿ ಟೈಪ್-2 ಪತ್ತೆಯಾದ 97 ಜನರಿಗೆ ಹೊನ್ನೆಯ ಸಾರ ಕೊಟ್ಟಿದ್ದರು. 12 ವಾರದಲ್ಲಿ 69% ಜನರ ಶುಗರ್ ಹತೋಟಿಗೆ ಬಂತು. ಒಳ್ಳೆಯ ಸುದ್ದಿಯೇ. ಆದರೆ ಅಲ್ಲಿ ಹೋಲಿಸಿ ನೋಡಲು ಔಷಧ ಕೊಡದ ಗುಂಪು ಇರಲಿಲ್ಲ. ರೋಗ ಶುರುವಿನ ಹಂತದಲ್ಲಿತ್ತು. ಕೊಟ್ಟದ್ದು ಅಳತೆ ಮಾಡಿದ ಸಾರ, ಲೋಟದ ನೀರಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಶುಗರ್ ಅಳೆದ ಪ್ರಯೋಗ. ಕೋಶ ಹುಟ್ಟಿದ್ದನ್ನು ತೋರಿಸಿದ ಪ್ರಯೋಗ ಅಲ್ಲ.

ಇಲಿಯ ಫಲಿತಾಂಶ ಮನುಷ್ಯರಿಗೆ ಯಾಕೆ ಹೊಂದಲ್ಲ? ಎಳೆಯ ಇಲಿಯಲ್ಲಿ ಬೀಟಾ ಕೋಶ ಒಡೆದು ಎರಡಾಗುವುದು ಸುಲಭ. ಮನುಷ್ಯರಲ್ಲಿ ಈ ಬೆಳವಣಿಗೆ ಹುಟ್ಟಿದ ಮೊದಲ ಕೆಲವು ವರ್ಷ ಜೋರಾಗಿರುತ್ತದೆ, 20-30 ವಯಸ್ಸಿನ ಹೊತ್ತಿಗೆ ಬಹುತೇಕ ನಿಂತುಹೋಗುತ್ತದೆ. ಹಾಗಾಗಿ ಇಲಿಯಲ್ಲಿ ಗೆದ್ದ ಮದ್ದುಗಳಲ್ಲಿ ಹೆಚ್ಚಿನವು ಮನುಷ್ಯರಲ್ಲಿ ಸೋಲುತ್ತವೆ.

ಗಿಡಮೂಲಿಕೆ ಪರೀಕ್ಷಿಸುವ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆ ಇರುವುದು ಬೆಳಗಾವಿಯ ನೆಹರೂ ನಗರದಲ್ಲೇ. ನಮ್ಮ ಪಶ್ಚಿಮ ಘಟ್ಟದ ಗಿಡಗಳ ಗುಣವನ್ನು ಪ್ರಯೋಗದಿಂದ ತಿಳಿಯುವ ಕೆಲಸ ಇದೇ ಜಿಲ್ಲೆಯಲ್ಲಿ ನಡೆಯುತ್ತದೆ. ಪರೀಕ್ಷೆಯಲ್ಲಿ ಪಾಸಾದ ಗಿಡ ಬೇರೆ, ಫಾರ್ವರ್ಡ್ ಮೆಸೇಜಿನ ಗಿಡ ಬೇರೆ. ಇನ್ನೊಂದು ಮಾತು, ಕಾಡಿನಲ್ಲಿ ಹೊನ್ನೆ ಕಡಿಯುವುದು ಅಪರಾಧ.

'ಹನಿಮೂನ್' ಮೋಸ

ಟೈಪ್-1 ಮಕ್ಕಳ ಮನೆಯವರು ಒಂದು ಸಂಗತಿ ತಿಳಿದಿರಲೇಬೇಕು. ಇನ್ಸುಲಿನ್ ಶುರು ಮಾಡಿದ ಕೆಲವು ವಾರಗಳಲ್ಲಿ ಅನೇಕ ಮಕ್ಕಳಿಗೆ ಡೋಸ್ ಕಡಿಮೆ ಸಾಕಾಗುತ್ತದೆ. ಹೊರಗಿನಿಂದ ಇನ್ಸುಲಿನ್ ಬಂದದ್ದರಿಂದ ಉಳಿದಿದ್ದ ಸ್ವಲ್ಪ ಕೋಶಗಳಿಗೆ ಆರಾಮ ಸಿಕ್ಕು ಅವು ಮತ್ತೆ ದುಡಿಯುತ್ತವೆ. ಡಾಕ್ಟರುಗಳು ಇದನ್ನು ಹನಿಮೂನ್ ಅವಧಿ ಅಂತಾರೆ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು, ಅಪರೂಪಕ್ಕೆ ವರ್ಷ ದಾಟಬಹುದು.

ಇದೇ ಸಮಯದಲ್ಲಿ ಯಾರೋ ಹೇಳಿದರು ಅಂತ ಕಷಾಯ ಶುರು ಮಾಡಿರುತ್ತಾರೆ. ಡೋಸ್ ಇಳಿದದ್ದು ನೋಡಿ "ಕಷಾಯದಿಂದ ಕಡಿಮೆ ಆತು" ಅಂತ ಮನೆಯವರಿಗೆ ಅನಿಸುತ್ತದೆ. ಇಂಜೆಕ್ಷನ್ ನಿಲ್ಲಿಸುತ್ತಾರೆ. ಆದರೆ ಕಾವಲು ಪಡೆಯ ದಾಳಿ ನಿಂತಿರುವುದಿಲ್ಲ. ಉಳಿದ ಕೋಶಗಳೂ ಹೋಗುತ್ತವೆ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬುತ್ತದೆ.

ವಾಂತಿ, ಹೊಟ್ಟೆನೋವು, ಜೋರಾದ ಆಳ ಉಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಮಂಪರು: ಇವು ಅದರ ಲಕ್ಷಣ. ಆಗ ಮಗುವನ್ನು ಮನೆಯಲ್ಲಿಟ್ಟುಕೊಂಡು ಕಾಯಬಾರದು. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚುವವರೆಗೆ ಟೈಪ್-1 ಅಂದರೆ ಸಾವೇ ಆಗಿತ್ತು. ಈಗಲೂ ಇನ್ಸುಲಿನ್ ತೆಗೆದುಬಿಟ್ಟರೆ ಅದೇ ಪರಿಸ್ಥಿತಿ.

ಹಾಗಾದರೆ ಹೊಸ ಕೋಶ ಬರುವುದೇ ಇಲ್ಲವಾ?

ಬರಬಹುದು, ಕೆಲಸ ಗಂಭೀರವಾಗಿ ನಡೆದಿದೆ. ಅಮೆರಿಕದ ಬಾಸ್ಟನ್‌ನ ಜೋಸ್ಲಿನ್ ಕೇಂದ್ರ 50 ವರ್ಷಕ್ಕೂ ಹೆಚ್ಚು ಕಾಲ ಟೈಪ್-1 ಜೊತೆ ಬದುಕಿದವರನ್ನು ಪರೀಕ್ಷಿಸಿತು. ಅವರ ಮರಣದ ನಂತರ ನೋಡಿದ ಗ್ರಂಥಿಗಳಲ್ಲಿ ಇನ್ನೂ ಸ್ವಲ್ಪ ಬೀಟಾ ಕೋಶಗಳು ಉಳಿದಿದ್ದವು. ಪೂರ್ತಿ ಖಾಲಿ ಆಗುವುದಿಲ್ಲ ಅನ್ನುವ ಈ ಸಂಗತಿಯೇ ವಿಜ್ಞಾನಿಗಳಿಗೆ ಆಸೆ ಹುಟ್ಟಿಸಿದ್ದು.

ಒಂದು ದಾರಿ, ಇರುವ ಕೋಶ ಹೆಚ್ಚಿಸುವುದು. ನ್ಯೂಯಾರ್ಕಿನ ಮೌಂಟ್ ಸೈನಾಯ್ ಸಂಶೋಧಕರು 2015ರಲ್ಲಿ ಹಾರ್ಮಿನ್ ಎಂಬ ಸಸ್ಯಮೂಲದ ರಾಸಾಯನಿಕ ಮನುಷ್ಯರ ಬೀಟಾ ಕೋಶವನ್ನು ಒಡೆದು ಎರಡಾಗಿಸುತ್ತದೆ ಅಂತ ಪ್ರಯೋಗಾಲಯದಲ್ಲಿ ತೋರಿಸಿದರು. 2024ರಲ್ಲಿ ಅದನ್ನು ಇನ್ನೊಂದು ಶುಗರ್ ಔಷಧದ ಜೊತೆ ಕೊಟ್ಟಾಗ, ಇಲಿಯೊಳಗೆ ನೆಟ್ಟ ಮನುಷ್ಯ ಕೋಶಗಳು ಮೂರು ತಿಂಗಳಲ್ಲಿ 4ರಿಂದ 7 ಪಟ್ಟು ಹೆಚ್ಚಿದವು. ರೋಗಿಗಳಿಗೆ ಕೊಡುವ ಹಂತ ಇನ್ನೂ ಬಂದಿಲ್ಲ.

ಇನ್ನೊಂದು ದಾರಿ, ಹೊರಗೆ ಕೋಶ ತಯಾರಿಸಿ ಒಳಗೆ ಹಾಕುವುದು. 2000ದಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಮೃತ ದಾನಿಗಳ ಕೋಶ ಪಡೆದ 7 ಜನರು ಇನ್ಸುಲಿನ್ ಇಲ್ಲದೆ ಇರುವಂತಾಯಿತು. ಆದರೆ ದಾನಿಗಳು ಎಲ್ಲಿ ಸಿಗಬೇಕು? ಈಗ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್‌ನಿಂದ ಬೀಟಾ ಕೋಶ ಬೆಳೆಸುತ್ತಿದ್ದಾರೆ. 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪೂರ್ಣ ಡೋಸ್ ಪಡೆದ 12 ಟೈಪ್-1 ರೋಗಿಗಳಲ್ಲಿ 10 ಜನರಿಗೆ ಒಂದು ವರ್ಷದ ನಂತರ ಇನ್ಸುಲಿನ್ ಬೇಕಾಗಲಿಲ್ಲ. ಚೀನಾದಲ್ಲಿ ಒಬ್ಬ ಯುವತಿಗೆ ಆಕೆಯದೇ ಕೋಶದಿಂದ ಮಾಡಿದ ಕೋಶಗಳನ್ನು ಹಾಕಿದ ವರದಿ 2024ರಲ್ಲಿ ಬಂತು. 75 ದಿನದ ನಂತರ ಆಕೆಗೆ ಇನ್ಸುಲಿನ್ ಬೇಕಾಗಲಿಲ್ಲ.

ಆದರೆ ಬೇರೆಯವರ ಕೋಶ ಹಾಕಿಸಿಕೊಂಡವರು ದೇಹದ ಕಾವಲು ಶಕ್ತಿ ತಗ್ಗಿಸುವ ಔಷಧವನ್ನು ಬಿಡದೆ ತಗೊಳ್ಳಬೇಕು. ಅದರಿಂದ ಸೋಂಕಿನ ಅಪಾಯ ಇದೆ, ಜೀವಕ್ಕೂ ಕುತ್ತು ಬರಬಹುದು. ಹಾಗಾಗಿ ಇದು ಸದ್ಯಕ್ಕೆ ಆಯ್ದ ಕೆಲವರ ಮೇಲಿನ ಪ್ರಯೋಗ. ನಮ್ಮೂರಿನ ಕ್ಲಿನಿಕ್‌ನಲ್ಲಿ ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆ ಅಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಶುಗರ್‌ಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಮಾಮೂಲಿ ಸೇವೆ ಅಂತ ಮಾರುವಂತಿಲ್ಲ. ಯಾರಾದರೂ "ಒಂದು ಇಂಜೆಕ್ಷನ್, ಇಷ್ಟು ಲಕ್ಷ" ಅಂದರೆ ದೂರ ಇರಿ.

ಬೆಳಗಾವಿ, ಖಾನಾಪುರದವರು ಏನು ಮಾಡಬೇಕು?

ನಗರದಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ ಇದೆ. ಕೆಎಲ್‌ಇ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಪ್ರತ್ಯೇಕ ಮಧುಮೇಹ ಕೇಂದ್ರವೇ ಇದೆ. ಖಾನಾಪುರದವರು ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಬಹುದು. ಅಲ್ಲಿಂದ ಬೆಳಗಾವಿ 25 ಕಿಲೋಮೀಟರ್ ಆಸುಪಾಸು.

ಕಷ್ಟ ಇರುವುದು ಜಾಂಬೋಟಿ, ಕಣಕುಂಬಿ ಕಡೆಯವರಿಗೆ, ಅದಕ್ಕಿಂತ ಹೆಚ್ಚು ಭೀಮಗಡ ಕಾಡೊಳಗಿನ ಆಮಗಾಂವ್, ಗವಾಳಿಯಂಥ ಊರುಗಳಿಗೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿ ಬಂದ್, ಕರೆಂಟೂ ಇಲ್ಲ. ಅಂಥ ಕಡೆ ಈ ಮಾತುಗಳು ನೆನಪಿರಲಿ:

* ಮಗು ಪದೇ ಪದೇ ನೀರು ಕುಡಿಯುತ್ತಿದ್ದರೆ, ಮೂತ್ರಕ್ಕೆ ಏಳುತ್ತಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ತಿಂದರೂ ಸೊರಗುತ್ತಿದ್ದರೆ ಅದೇ ದಿನ ಶುಗರ್ ಚೆಕ್ ಮಾಡಿಸಿ. ಬೆರಳ ತುದಿಯ ಒಂದು ಹನಿ ರಕ್ತ ಸಾಕು.
* ಟೈಪ್-1 ಇದ್ದವರು ಜ್ವರ, ವಾಂತಿ ಬಂದು ಊಟ ಬಿಟ್ಟರೂ ಇನ್ಸುಲಿನ್ ಪೂರ್ತಿ ಬಿಡಬಾರದು. ಡೋಸ್ ಎಷ್ಟು ಅಂತ ಡಾಕ್ಟರ್‌ನ ಕೇಳಿ.
* ಮಳೆಗಾಲಕ್ಕೆ ಮುಂಚೆಯೇ ಇನ್ಸುಲಿನ್, ಸಿರಿಂಜ್, ಚೆಕ್ ಮಾಡುವ ಪಟ್ಟಿ ಹೆಚ್ಚಿಗೆ ತಂದಿಟ್ಟುಕೊಳ್ಳಿ.
* ಫ್ರಿಜ್ ಇಲ್ಲದಿದ್ದರೆ ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕ ಗಡಿಗೆ ಇಟ್ಟು, ನಡುವೆ ಉಸುಕು ತುಂಬಿ ನೀರು ಚಿಮುಕಿಸಿ, ಒಳಗೆ ಇನ್ಸುಲಿನ್ ಇಡಿ. ಬಳಕೆಗೆ ತೆಗೆದ ಬಾಟಲಿ ತಂಪಾದ ಜಾಗದಲ್ಲಿ ಸಾಮಾನ್ಯವಾಗಿ 4 ವಾರ ಬರುತ್ತದೆ. ಬಿಸಿಲಿಗೆ ಇಡಬೇಡಿ, ಮಂಜುಗಡ್ಡೆಯಲ್ಲೂ ಇಡಬೇಡಿ.
* ಟೈಪ್-1 ಅಥವಾ ಟೈಪ್-2 ಎಂಬ ಅನುಮಾನ ಇದ್ದರೆ ಸಿ-ಪೆಪ್ಟೈಡ್ ಎಂಬ ರಕ್ತ ಪರೀಕ್ಷೆ ಇದೆ. ನಿಮ್ಮ ಸ್ವಂತ ಬೀಟಾ ಕೋಶ ಇನ್ನೂ ಎಷ್ಟು ದುಡಿಯುತ್ತಿವೆ ಅಂತ ಅದು ಹೇಳುತ್ತದೆ.
* ಕಷಾಯ ಕುಡಿಯುವವರು ಡಾಕ್ಟರ್ ಮುಂದೆ ಮುಚ್ಚಿಡಬೇಡಿ. ಗುಳಿಗೆಯ ಜೊತೆ ಸೇರಿ ಶುಗರ್ ಅತಿ ಕಡಿಮೆ ಆಗಬಹುದು.

ಟೈಪ್-2 ಹೊಸದಾಗಿ ಬಂದವರಿಗೆ ಇಲ್ಲಿ ಒಳ್ಳೆಯ ಸುದ್ದಿ ಇದೆ: ನಿಮ್ಮ ಕೋಶಗಳಲ್ಲಿ ಹಲವು ಇನ್ನೂ ಜೀವಂತ ಇವೆ. ಅವುಗಳ ಭಾರ ಇಳಿಸುವುದು ನಿಮ್ಮ ಕೈಯಲ್ಲಿದೆ, ತಡ ಮಾಡಬೇಡಿ. ಟೈಪ್-1 ಮಗು ಇರುವ ಮನೆಗೂ ಸುದ್ದಿ ಇದೆ: ಹೊಸ ಕೋಶ ಕೊಡುವ ಚಿಕಿತ್ಸೆ ಮುಂದೊಂದು ದಿನ ಬರಬಹುದು. ಆ ದಿನದವರೆಗೆ ಮಗುವನ್ನು ಕಣ್ಣು, ಕಿಡ್ನಿ ಸರಿಯಾಗಿ ಇಟ್ಟುಕೊಂಡು ಮುಟ್ಟಿಸುವುದು ದಿನದ ಇಂಜೆಕ್ಷನ್ನೇ. ಹೊನ್ನೆ ಲೋಟ ಬೇಕಾದರೆ ಶೆಲ್ಫ್ ಮೇಲೆ ಇರಲಿ, ಇನ್ಸುಲಿನ್ ಬಾಟಲಿ ಮಾತ್ರ ತಪ್ಪಬಾರದು.